ಕೆರೆಯ ಹಂಗು

ಪಾರ್ಕು, ಕೆರೆ, ಹಕ್ಕಿ ಅಂತ ಯಾರಾದರೂ ಮಾತೆತ್ತಿದರೆ ನಮ್ಮ ಸಂಗಾತಿಗಳ ಬಾಯಲ್ಲಿ ಥಟ್ಟನೆ ಬರುವುದು ಒಂದೇ ಗಾದೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಕೂಲಿ ಸಿಕ್ಕದೆ ಜನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಜಾವ ರೈಲಿಗೆ ನೇತಾಡ್ತಿರುವಾಗ ಕೆರೆ ದಂಡೆಯ ಸೊಬಗಿನ ಮಾತು ಯಾಕೆ ಅಂತ ಅವರ ಸಿಟ್ಟು. ಸಿಟ್ಟು ನ್ಯಾಯವಾದದ್ದೇ. ಆದರೆ ಈ ಗಾದೆ ಕಟ್ಟಿದವರು ಯಾರು ಅಂತ ನಾವು ಯೋಚಿಸಿದ್ದೀವಾ? ಹಿಟ್ಟೂ ಇದ್ದು, ಜುಟ್ಟೂ ಇದ್ದು, ಮಲ್ಲಿಗೆಯೂ ಇದ್ದವರೇ ಕಟ್ಟಿರಬೇಕು. ಬಡವ ಹೂ ಮುಡಿದರೆ ಅವರಿಗೆ ನಗು ಬರುತ್ತದೆ. ಅವರ ನಗೆಯನ್ನು ನಾವು ನಮ್ಮ ಬಾಯಲ್ಲಿ ನಗಬೇಕೆ?

ಆದ್ದರಿಂದ ನನ್ನ ಪ್ರಶ್ನೆಯನ್ನು ನೇರವಾಗಿಯೇ ಇಡುತ್ತೇನೆ. ನೀರಿನ ಮುಂದೆ ಸುಮ್ಮನೆ ಕೂತು ಅದನ್ನು ನೋಡುವುದು ಒಂದು ಹಕ್ಕೇ? ಹೌದಾದರೆ ಆ ನೋಟಕ್ಕೆ ಏನಾದರೂ ಹಂಗು ಉಂಟೆ, ಇಲ್ಲವೆ?

ಕಾಲೇಜಿನಲ್ಲಿ ಕಾವ್ಯಮೀಮಾಂಸೆಯ ಪಾಠ ಮಾಡುವಾಗ ನಮಗೆ ಎರಡು ಮಾತು ಹೇಳಿಕೊಟ್ಟರು. ಒಂದು, ಸಹೃದಯ. ಇನ್ನೊಂದು, ಕಾಂಟ್ ಎಂಬ ಜರ್ಮನ್ ತತ್ವಜ್ಞಾನಿ 1790ರಲ್ಲಿ ಬರೆದ ಗ್ರಂಥದ ವಿಚಾರ. ಒಂದು ವಸ್ತುವನ್ನು ಚೆಂದ ಅನ್ನಬೇಕಾದರೆ ಅದರಿಂದ ನಮಗೆ ಆಗಬೇಕಾದದ್ದು ಏನೂ ಇರಬಾರದು, ಲಾಭ ನಷ್ಟದ ಲೆಕ್ಕ ಬಿಟ್ಟ ನೋಟವೇ ಸೌಂದರ್ಯದ ನೋಟ, ಅಂತ ಅವನ ವಾದ. ಕನ್ನಡದಲ್ಲಿ ಹೇಳಬೇಕೆಂದರೆ ಹಂಗಿಲ್ಲದ ನೋಟ. ನಾನು ನೋಟ್ಸು ಬರೆದುಕೊಂಡೆ, ಪರೀಕ್ಷೆಯಲ್ಲೂ ಬರೆದೆ. ಆದರೆ ಬರೆಯುವಾಗೆಲ್ಲ ನಮ್ಮ ತಾತ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದ. ಈ ಲೆಕ್ಕದಲ್ಲಿ ತಾತ ತನ್ನ ಜೀವಮಾನದಲ್ಲಿ ಒಂದು ದಿನವೂ ಕೆರೆಯ ಚೆಂದ ನೋಡಿಲ್ಲ. ಯಾಕೆಂದರೆ ಅವನು ನೀರುಗಂಟಿ.

ನೀರುಗಂಟಿ ಅಂದರೆ ಬೇರೆ ಸೀಮೆಯ ಓದುಗರಿಗೆ ತಿಳಿಯಲಿಕ್ಕಿಲ್ಲ. ಕೋಲಾರ ಸೀಮೆಯಲ್ಲಿ ನದಿ ಅನ್ನುವಂಥ ನದಿ ಇಲ್ಲ. ಪಾಲಾರ್ ಇದೆ, ಮಳೆಗಾಲ ಕಳೆದರೆ ಅದು ಮರಳು. ಹಾಗಾಗಿ ನಮ್ಮ ಹಿರೀಕರು ಹಳ್ಳ ಇಳಿದು ಬರುವ ಕಡೆಯೆಲ್ಲ ಏರಿ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಏರಿ ಕಾಯುವುದು, ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡುವುದು ನೀರುಗಂಟಿಯ ಕೆಲಸ. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಬಹುಪಾಲು ನಮ್ಮ ಕೇರಿಯವರದೇ. ತೂಬಿನ ಬಾಯಿಗೆ ಮುಚ್ಚಿದ ಮರದ ಬೆಣೆ ಕೆಲವು ಸಲ ಹೂಳಿನಲ್ಲಿ ಕಚ್ಚಿಕೊಳ್ಳುತ್ತಿತ್ತು. ಆಗ ನೀರೊಳಕ್ಕೆ ಮುಳುಗಿ ಕೈಯಿಂದ ಅಲ್ಲಾಡಿಸಿ ತೆಗೀಬೇಕು. ಬೆಣೆ ಬಿಟ್ಟುಕೊಂಡ ತಕ್ಷಣ ನೀರು ಎಳೆಯುತ್ತದೆ. ಆ ಎಳೆತಕ್ಕೆ ಸಿಕ್ಕಿ ಸತ್ತವರ ಮಾತು ಕೆರೆ ಇರುವ ಊರಲ್ಲೆಲ್ಲ ಇದೆ.

ಸುಗ್ಗಿಯಲ್ಲಿ ಕಣದಿಂದ ಇಷ್ಟು ಕಾಳು, ಜೊತೆಗೆ ಚೂರು ಮಾನ್ಯದ ಜಮೀನು. ಇದು ಕೂಲಿ. 1961ರ ಕಾಯ್ದೆ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋದರೂ ಕೆಲಸ ಹೋಗಲಿಲ್ಲ. ಕೊಳವೆಬಾವಿ ಬಂದು ಕೆರೆಯೇ ಬೇಡವಾಗುವ ತನಕ ತಾತ ತೂಬು ಎತ್ತುತ್ತಲೇ ಇದ್ದ.

ಈ ವ್ಯವಸ್ಥೆಯ ಒಳಗಿನ ಹುಳುಕು ನೋಡಿ. ಇಡೀ ಊರಿನ ನೀರು ಅವನ ಕೈಯಲ್ಲಿ. ಗೌಡರ ಗದ್ದೆಯ ಒಂದೊಂದು ಪೈರೂ ಅವನು ಮುಟ್ಟಿದ ನೀರು ಕುಡಿದೇ ಬೆಳೆಯಬೇಕು. ಆದರೆ ಅದೇ ಊರಿನ ಸೇದೋ ಬಾವಿಗೆ ಅವನು ಕೊಡ ಇಳಿಸುವ ಹಾಗಿಲ್ಲ. ನೀರು ಬಿಡುವ ಕೈ ಶುದ್ಧ, ನೀರು ಸೇದುವ ಕೈ ಮೈಲಿಗೆ! ಇದಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರ ಇದೆಯೋ ಕಾಣೆ.

ಹಾಗಾದರೆ ತಾತ ಕೆರೆಯನ್ನು ಹೇಗೆ ನೋಡುತ್ತಿದ್ದ? ಅಮ್ಮ ಹೇಳುತ್ತಾಳೆ. ಸಂಜೆ ಏರಿ ಮೇಲೆ ನಿಂತು ನೀರಿನ ಅಂಚು ಯಾವ ಕಲ್ಲಿಗೆ ಬಂದಿದೆ ನೋಡಿ, "ಇನ್ನ ಇಪ್ಪತ್ತು ದಿನಕ್ಕೈತೆ" ಅನ್ನೋನಂತೆ. ನೀರಿನ ಬಣ್ಣ ನೋಡಿ ಯಾವ ಕಡೆಯ ಹಳ್ಳ ಬಂದಿದೆ ಅನ್ನೋನಂತೆ. ಮತ್ತೆ ಎಷ್ಟೋ ಸಲ ಏನೂ ಅನ್ನದೆ ಬೀಡಿ ಹಚ್ಚಿಕೊಂಡು ಕತ್ತಲಾಗುವ ತನಕ ಅಲ್ಲೇ ಕೂತಿರೋನಂತೆ. ಕೂಗಿದರೂ ಬರೋನಲ್ಲವಂತೆ. ಆ ಹೊತ್ತಿನಲ್ಲಿ ಅವನು ಏನು ನೋಡುತ್ತಿದ್ದ? ಬರೀ ಲೆಕ್ಕವೆ? ಲೆಕ್ಕ ಆಗಲೇ ಮುಗಿದಿತ್ತಲ್ಲ. ಇಪ್ಪತ್ತು ದಿನ ಅಂತ ಗೊತ್ತಾದ ಮೇಲೂ ಯಾಕೆ ಕೂರಬೇಕು? ಹಂಗು ಇದ್ದವನಿಗೆ ಚೆಂದ ಕಾಣುವುದಿಲ್ಲ ಅನ್ನುವ ಮಾತು ನನಗೆ ಅಲ್ಲೇ ಸುಳ್ಳಾಗಿ ಕಾಣುತ್ತದೆ. ನೀರಿನ ಆಳ ಮೈಗೆ ಗೊತ್ತಿದ್ದವನು ನೀರು ನೋಡುವುದಕ್ಕೂ, ಬರೀ ಮೇಲಿನ ಹೊಳಪು ಗೊತ್ತಿದ್ದವನು ನೋಡುವುದಕ್ಕೂ ವ್ಯತ್ಯಾಸ ಇದ್ದೇ ಇದೆ. ಸಹೃದಯ ಅನ್ನುವ ಮಾತು ಯಾರಿಗೆ ಸಲ್ಲಬೇಕು ಅಂತ ನೀವೇ ಹೇಳಿ.

ಹೋದ ವರ್ಷ ಅಮ್ಮನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಅಪ್ಪನ ಹಾಗೆ ಸಾವಿರಾರು ಜನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೂ ಕಾವಲು ಕೆಲಸಕ್ಕೂ ಹೋಗತೊಡಗಿದರು. ಅಮ್ಮನೂ ಎಷ್ಟೋ ವರ್ಷ ಆ ರೈಲಿನಲ್ಲಿ ಓಡಾಡಿದವಳು. ಇಷ್ಟಾಗಿಯೂ ಬೆಂಗಳೂರಿನಲ್ಲಿ ಕೆಲಸವಿಲ್ಲದೆ ಒಂದು ಗಳಿಗೆ ಕೂತವಳಲ್ಲ.

ಕೆರೆ ಕಂಡ ಕೂಡಲೇ ಅವಳು ಕೇಳಿದ ಮೊದಲನೇ ಮಾತು: "ಇದರ ತೂಬು ಎಲ್ಲೈತಪ್ಪಾ?"

ಪಕ್ಕದಲ್ಲಿ ಫೋಟೋ ತೆಗೀತಿದ್ದ ಹುಡುಗರು ತಿರುಗಿ ನೋಡಿದರು. ಇದು ಗದ್ದೆಗೆ ಬಿಡೋ ಕೆರೆ ಅಲ್ಲಮ್ಮ, ನೋಡೋ ಕೆರೆ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ಕೆರೆ ಅಂದಮೇಲೆ ತೂಬು ಇರಬೇಕು, ಕೋಡಿ ಇರಬೇಕು. ತುಂಬಿದ್ ನೀರು ಯಾರ ಗದ್ದೆಗೆ ಹೋಗ್ತೈತೆ?" ನೀರುಗಂಟಿಯ ಮಗಳು ಕೇಳುವ ಪ್ರಶ್ನೆ. ಸ್ವಲ್ಪ ಹೊತ್ತಿಗೆ ಕಲ್ಲುಬೆಂಚಿನ ಮೇಲೆ ಕೂತಳು. ಕೂತವಳ ಕೈ ಸುಮ್ಮನಿರಲಿಲ್ಲ, ಬೆಂಚಿನ ಬುಡದ ಕಳೆ ಕೀಳತೊಡಗಿತು. ಸುಮ್ನಿರಮ್ಮ ಅಂದೆ. "ಸುಮ್ನೆ ಕುಂತ್ಕೊಳ್ಳಾಕೆ ಒಂಥರಾ ನಾಚ್ಕೆ ಆಗ್ತೈತೆ ಕಣಪ್ಪಾ" ಅಂದಳು. ಹೆಜ್ಜಾರ್ಲೆಯೊಂದು ಬಂದು ನೀರಿಗಿಳಿಯಿತು. ಅದನ್ನು ನೋಡುತ್ತ ಕೈ ನಿಂತಿತು. ಎಷ್ಟು ಹೊತ್ತು ನಿಂತಿತೋ ನಾನು ಗಡಿಯಾರ ನೋಡಲಿಲ್ಲ.

ಸುಮ್ಮನೆ ಕೂರಲು ನಾಚಿಕೆ ಆಗುವ ಹಾಗೆ ಒಂದು ಜನಾಂಗವನ್ನು ಮಾಡಿದ್ದು ಯಾರು? ಹಸಿವಿನಷ್ಟೇ ದೊಡ್ಡ ಪ್ರಶ್ನೆ ಇದು, ಗೆಳೆಯರೇ. ಬಿಡುವು ಅನ್ನುವುದು ಮೇಲಿನವರ ಆಸ್ತಿ, ನಮಗೆ ಬಿಡುವು ಸಿಕ್ಕಿದರೆ ಅದು ಸೋಮಾರಿತನ, ಅಂತ ಸಾವಿರ ವರ್ಷ ಹೇಳಿದ್ದನ್ನು ನಮ್ಮ ಬೆರಳುಗಳು ನಂಬಿಬಿಟ್ಟಿವೆ.

ಲಾಲ್‌ಬಾಗ್ ನಮಗೆ ಪರಕೀಯವಾದ ಜಾಗವೇನೂ ಅಲ್ಲ. 1760ರಲ್ಲಿ ಈ ತೋಟಕ್ಕೆ ಅಡಿಪಾಯ ಹಾಕಿದ ಹೈದರಾಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಟಿಪ್ಪು ಮುಂದುವರಿಸಿದ, ಆಮೇಲೆ ಬ್ರಿಟಿಷರು ಬೆಳೆಸಿದರು. ಗಾಜಿನ ಮನೆಗೆ 1889ರಲ್ಲಿ ಬುನಾದಿ ಬಿತ್ತು. ಒಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ಹಳೆಯ ಬಂಡೆಗೆ ಜಾತಿ ಗೊತ್ತಿರಲಾರದು. ಬಾಗಿಲಿನಲ್ಲಿ ಮಾತ್ರ ಒಂದು ವಿಚಿತ್ರ ಇದೆ: ಬೆಳಗಿನ ನಡಿಗೆಗೆ ಬರುವ ಅಕ್ಕಪಕ್ಕದ ಬಡಾವಣೆಯವರಿಗೆ ಬಿಟ್ಟಿ, ಹೊತ್ತೇರಿದ ಮೇಲೆ ದೂರದಿಂದ ಬರುವವರಿಗೆ ಟಿಕೆಟ್ಟು. ನಿಯಮ ಯಾರನ್ನೂ ಜಾತಿ ಕೇಳುವುದಿಲ್ಲ. ಆದರೆ ಕೆ.ಜಿ.ಎಫ್‌ನಿಂದ ಹೊರಟವರು ಬೆಳಗಿನ ನಡಿಗೆಯ ಹೊತ್ತಿಗೆ ಅಲ್ಲಿಗೆ ಬಂದು ಸೇರುವುದು ಕಷ್ಟ.

ಅಮ್ಮನ ಪ್ರಶ್ನೆಗೆ ಬರೋಣ. ತುಂಬಿದ ನೀರು ಯಾರ ಗದ್ದೆಗೆ ಹೋಗ್ತೈತೆ? ಅವತ್ತು ನಾನು ಉತ್ತರ ಕೊಡದೆ ನಕ್ಕಿದ್ದೆ. ರೈಲಿನಲ್ಲಿ ಕೂತು ಯೋಚಿಸಿದಾಗ ಉತ್ತರ ಹೊಳೆಯಿತು: ನಮ್ಮ ಗದ್ದೆಗೇ.

ಲಾಲ್‌ಬಾಗ್ ಕೆರೆ ಕೋಡಿ ಬಿದ್ದರೆ ನೀರು ಇಳಿಯುವುದು ಕೋರಮಂಗಲ ಕಣಿವೆಗೆ, ಅಲ್ಲಿಂದ ಬೆಳ್ಳಂದೂರಿನ ಕಡೆಗೆ. ನಡು ಬೆಂಗಳೂರಿನ ಕಕ್ಕಸಿನ ನೀರು, ಬಚ್ಚಲ ನೀರು ಇಳಿಯುವುದೂ ಅದೇ ಕಣಿವೆಗೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಕಡೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ಇರುವ ಕಡೆ ಸಂಪಂಗಿ ಕೆರೆ ಇತ್ತು. ಕೆರೆ ಹೋದರೂ ಇಳಿಜಾರು ಎಲ್ಲಿಗೆ ಹೋಗುತ್ತದೆ? ನೀರು ಕೊಳಚೆಯಾಗಿ ಅದೇ ದಾರಿ ಹಿಡಿಯಿತು. ಬೆಳ್ಳಂದೂರು ಕೆರೆ ನೊರೆ ಕಕ್ಕಿತು, 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿಯನ್ನೂ ಹೊತ್ತಿಸಿಕೊಂಡಿತು. ನೀರಿಗೆ ಬೆಂಕಿ ಬಿದ್ದದ್ದನ್ನು ಜಗತ್ತು ಬಂದು ಫೋಟೋ ಹಿಡಿಯಿತು.

ಈ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಿ ಮಾಡಿ, ಪೈಪಿನಲ್ಲಿ ಎತ್ತಿ, ಕೋಲಾರ ಜಿಲ್ಲೆಯ ನೂರಕ್ಕೂ ಮೇಲ್ಪಟ್ಟ ಕೆರೆಗಳಿಗೆ ತುಂಬಿಸುವ ಯೋಜನೆಯೇ ಕೆ.ಸಿ. ವ್ಯಾಲಿ. ದಿನಕ್ಕೆ 440 ದಶಲಕ್ಷ ಲೀಟರ್ ಅಂತ ಯೋಜನೆಯ ಲೆಕ್ಕ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಮರು ತಿಂಗಳೇ ಅಲ್ಲಿ ನೊರೆ ಎದ್ದು ಹೈಕೋರ್ಟು ತಡೆಯಿತು. ಮತ್ತೆ ಹರಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆದು, ಏಪ್ರಿಲ್‌ನಲ್ಲಿ ತೆರವು ಮಾಡಿತು. ಈಗ ಹರಿಯುತ್ತಿದೆ. ನಾನು ಈ ನೀರನ್ನು ಬರೀ ವಿಷ ಅಂತ ಕೂಗುವವನಲ್ಲ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಊರುಗಳಲ್ಲಿ ಬಾವಿಗೆ ನೀರು ಬಂದಿದೆ. ಟೊಮೆಟೊ ಹಾಕಿದ ರೈತ ಉಸಿರು ಬಿಟ್ಟಿದ್ದಾನೆ. ಬರಗಾಲ ಕಂಡವನ ಮುಂದೆ ನಿಂತು ಶುದ್ಧತೆಯ ಉಪದೇಶ ಮಾಡುವುದು ಸುಲಭ. ಅಲ್ಲದೆ ಮಡಿ ಮೈಲಿಗೆಯ ಭಾಷೆ ನಮ್ಮ ಬಾಯಲ್ಲಿ ಬರಲೇಬಾರದು.

ಕೇಳಬೇಕಾದದ್ದು ಬೇರೆ. ಲಾಲ್‌ಬಾಗಿನ, ಕಬ್ಬನ್ ಪಾರ್ಕಿನ ಗಿಡಗಳಿಗೆ ಹಾಕುವ ನೀರಿಗೆ ಜಲಮಂಡಳಿ ಮೂರನೆಯ ಹಂತದ ಶುದ್ಧೀಕರಣದ ಪುಟ್ಟ ಘಟಕಗಳನ್ನು ಕಟ್ಟಿದೆ. ಕೋಲಾರದ ಕೆರೆಗೆ ಎರಡನೆಯ ಹಂತ ಸಾಕು. ಮೂರನೆಯ ಹಂತ ಕೊಡಿ ಅಂತ ನಮ್ಮ ಜಿಲ್ಲೆಯ ರೈತರು ಕೂಗುತ್ತಲೇ ಇದ್ದಾರೆ. ಪಾರ್ಕಿನ ಹುಲ್ಲಿಗೆ ಒಂದು ನೀರು, ನಮ್ಮ ನೆಲದೊಳಕ್ಕೆ ಇಂಗಿ ನಾಳೆ ನಮ್ಮ ಬಾವಿಗೆ ಬರುವುದಕ್ಕೆ ಇನ್ನೊಂದು ನೀರು. ಎರಡು ಲೋಟದ ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು, ಪ್ರಾಸಂಗಿಕವಾಗಿ. 1902ರಲ್ಲಿ ಶಿವನಸಮುದ್ರದಿಂದ ಕಾವೇರಿ ಕರೆಂಟಾಗಿ ನಮ್ಮ ಚಿನ್ನದ ಗಣಿಗೆ ಬಂದಳು, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ. ಗಣಿಯಲ್ಲಿ ಚಿನ್ನ ಎತ್ತುವುದಿತ್ತು, ಅದಕ್ಕೆ ಮುಂಚೆ ಬಂದಳು. ಈಗ ಅವಳೇ ಬೆಂಗಳೂರಿನ ಕೊಳಾಯಿಯಲ್ಲಿ ಹರಿದು, ಬಳಕೆಯಾಗಿ, ಮಿಕ್ಕದ್ದು ನಮಗೆ ಬರುತ್ತಿದ್ದಾಳೆ. ಚಿನ್ನ ಮುಗಿದ ಮೇಲೆ ನಮ್ಮ ಸರದಿ ಹಿಂದಕ್ಕೆ ಹೋಗಿದೆ.

ಈಗ ಹಂಗಿಲ್ಲದ ನೋಟದ ಮಾತಿಗೆ ಬರುತ್ತೇನೆ. ನಗರದ ಪಾರ್ಕಿನ ಕೆರೆ ಯಾಕೆ ಅಷ್ಟು ಪ್ರಶಾಂತ? ಅದರ ಮೇಲಿದ್ದ ಕೆಲಸವನ್ನು ತೆಗೆದಿದ್ದಾರೆ. ಗದ್ದೆ ಇಲ್ಲ, ದನ ಇಲ್ಲ, ಬಟ್ಟೆ ಒಗೆಯುವ ಕಲ್ಲಿಲ್ಲ. ಬೆಂಗಳೂರಿನ ಎಷ್ಟೋ ಕೆರೆಗಳಿಗೆ ಬೇಲಿ ಹಾಕಿ, ಬಟ್ಟೆ ಒಗೆಯಬಾರದು, ದನ ತೊಳೆಯಬಾರದು, ಮೀನು ಹಿಡಿಯಬಾರದು ಅಂತ ಬೋರ್ಡು ಹಾಕಿದ್ದಾರೆ. ಯಾರ ಬದುಕು ಆ ನೀರಿಗೆ ಅಂಟಿತ್ತೋ ಅವರನ್ನು ಹೊರಗೆ ಕಳಿಸಿ, ನಾತವನ್ನು ಪೈಪಿಗೆ ಹಾಕಿ, ಉಳಿದದ್ದಕ್ಕೆ ನಿಸರ್ಗ ಅಂತ ಹೆಸರಿಟ್ಟರು. ಈ ನಿಸರ್ಗವನ್ನು ನೋಡುವವನಿಗೆ ಯಾವ ಹಂಗೂ ಇಲ್ಲ ಅನ್ನುವುದು ದೊಡ್ಡ ಸುಳ್ಳು. ಹಂಗು ಇದೆ. ಅದನ್ನು ತನ್ನ ಬೆನ್ನಿನಿಂದ ಇಳಿಸಿ ಬೇರೊಬ್ಬನ ಬೆನ್ನಿಗೆ ಏರಿಸಿದ್ದಾನೆ, ಅಷ್ಟೆ.

ಆ ಬೇರೊಬ್ಬ ಯಾರು ಅನ್ನುವುದು ಕೆ.ಜಿ.ಎಫ್‌ನವರಿಗೆ ಚೆನ್ನಾಗಿ ಗೊತ್ತು. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ನಮ್ಮೂರಿಗೆ ಲಿಟಲ್ ಇಂಗ್ಲೆಂಡ್ ಅಂತ ಹೆಸರಿತ್ತು. ದೊರೆಗಳ ಬಂಗಲೆಗೆ ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ. ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರೂ, ಸುತ್ತಲಿನ ಕನ್ನಡ ತೆಲುಗಿನ ಹೊಲಗೇರಿಯವರೂ ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದು, ಮೇಲೆ ಬಂದು ಲೈನಿನ ಮನೆಯಲ್ಲಿ ಮಲಗುತ್ತಿದ್ದರು. ಆ ಲೈನುಗಳ ಒಣ ಕಕ್ಕಸನ್ನು ಕೈಯಲ್ಲಿ ಬಳಿದು ತಲೆ ಮೇಲೆ ಹೊತ್ತವರ ಮನೆಯಲ್ಲೇ 1966ರಲ್ಲಿ ಬೇಜವಾಡ ವಿಲ್ಸನ್ ಹುಟ್ಟಿದ್ದು. ಆ ಪದ್ಧತಿಯ ವಿರುದ್ಧ ದೇಶದುದ್ದಕ್ಕೂ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದದ್ದು. 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಮ್ಯಾನ್‌ಹೋಲಿಗೆ ಇಳಿದು ಸಾಯುವುದು ನಿಂತಿಲ್ಲ, ಸಾಯುವವರ ಜಾತಿಯೂ ಬದಲಾಗಿಲ್ಲ. ನಗರದ ಕೆರೆ ತಿಳಿಯಾಗಿರಬೇಕಾದರೆ ಯಾರೋ ಒಬ್ಬ ಚರಂಡಿಯಲ್ಲಿ ಕುತ್ತಿಗೆಯವರೆಗೆ ನಿಲ್ಲಬೇಕು.

ನಮ್ಮೂರಲ್ಲೂ ನೋಡಲು ಬರುವ ಒಂದು ನಿಸರ್ಗ ಇದೆ. ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿ ಮಣ್ಣಿನ 13 ಸೈನೈಡ್ ದಿಬ್ಬಗಳು, ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದರೆ ಆ ಬಿಳಿ ಪುಡಿ ಅನ್ನದ ತಟ್ಟೆಗೆ ಬಂದು ಬೀಳುತ್ತದೆ. ಬೆಂಗಳೂರಿನವರು ಕ್ಯಾಮೆರಾ ಹಿಡಿದು ಬಂದು, ಮರುಭೂಮಿ ಥರಾ ಎಷ್ಟು ಚೆಂದ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಚೆಂದವಾಗಿಯೇ ಇದೆ. ಸಂಜೆಯ ಬಿಸಿಲು ಬಿದ್ದಾಗ ನಾನೂ ನಿಂತು ನೋಡುತ್ತೇನೆ. ಕೆಮ್ಮುತ್ತ ನೋಡುತ್ತೇನೆ.

ಹಾಗಾದರೆ ನೋಡುವುದನ್ನೇ ಬಿಟ್ಟುಬಿಡೋಣವೆ? ಪಾರ್ಕು ಬೂರ್ಜ್ವಾಗಳದ್ದು, ಬಹಿಷ್ಕರಿಸೋಣ ಅನ್ನೋಣವೆ? ಇಲ್ಲಿ ನಾನು ನನ್ನ ಸಂಗಾತಿಗಳಿಂದ ಬೇರೆಯಾಗುತ್ತೇನೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ನಡೆದರು. ಊರ ನಡುವಿನ ಸಾರ್ವಜನಿಕ ಕೆರೆ ಅದು. ಪುರಸಭೆ ಎಲ್ಲರಿಗೂ ತೆರೆದಿದೆ ಅಂತ ಠರಾವು ಮಾಡಿದ್ದರೂ ಯಾವ ಅಸ್ಪೃಶ್ಯನಿಗೂ ಹತ್ತಿರ ಹೋಗುವ ಧೈರ್ಯ ಇರಲಿಲ್ಲ. ಅವರು ಇಳಿದು ಬೊಗಸೆಯಲ್ಲಿ ನೀರು ಎತ್ತಿ ಕುಡಿದರು, ಸಾವಿರಾರು ಜನ ಕುಡಿದರು. ಸವರ್ಣರು ಕೆರೆಗೆ ಸಗಣಿ ಗಂಜಲ ಹುಯ್ದು ಶುದ್ಧಿ ಮಾಡಿಕೊಂಡರು! ಮೊಕದ್ದಮೆ ಹತ್ತು ವರ್ಷ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮವರು ಗೆದ್ದರು. ಈ ನೀರು ಕುಡಿದರೆ ನಾವೇನೂ ಅಮರರಾಗುವುದಿಲ್ಲ, ನಾವೂ ಎಲ್ಲರಂತೆ ಮನುಷ್ಯರು ಅಂತ ಸ್ಥಾಪಿಸಲು ಬಂದಿದ್ದೇವೆ ಅನ್ನುವ ಅರ್ಥದಲ್ಲಿ ಬಾಬಾಸಾಹೇಬರು ಅದೇ ವರ್ಷ ಮಹಾಡಿನಲ್ಲೇ ಮಾತಾಡಿದರು. ಅಂದರೆ ಮಹಾಡಿನ ಹೋರಾಟ ಬಾಯಾರಿಕೆಗಷ್ಟೇ ಸೇರಿದ್ದಲ್ಲ. ಹತ್ತಿರ ಹೋಗುವ ಹಕ್ಕು, ದಂಡೆಯಲ್ಲಿ ನಿಲ್ಲುವ ಹಕ್ಕು, ತನಗೆ ಬೇಕಾದಷ್ಟು ಹೊತ್ತು ಇರುವ ಹಕ್ಕು, ಎಲ್ಲವೂ ಆ ಒಂದು ಬೊಗಸೆಯಲ್ಲಿ ಇತ್ತು. ಕುಡಿಯುವ ಹಕ್ಕು ನಮ್ಮದು, ನೋಡುವ ಹಕ್ಕು ಅವರದು ಅಂತ ನಾವೇ ಪಾಲು ಮಾಡಿಕೊಟ್ಟರೆ ಮಹಾಡಿನ ಅರ್ಧ ಕೆರೆಯನ್ನು ವಾಪಸು ಕೊಟ್ಟಂತೆ.

ಪಾರ್ಕಿಗೆ ಹೋಗೋಣ. ನಮ್ಮ ಅಮ್ಮಂದಿರನ್ನು ಕರೆದುಕೊಂಡು ಹೋಗೋಣ. ಆದರೆ ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಇದರ ನಾತ ಯಾರ ಊರಿಗೆ ಹೋಗಿದೆ ಅಂತ ಕೇಳುತ್ತಲೇ ನೋಡೋಣ. ಹಾಗೆ ಕೇಳಿದರೆ ಚೆಂದ ಕೆಡುತ್ತದೆ ಅನ್ನುವುದು ಕೇಳಿಸಿಕೊಳ್ಳಲು ಇಷ್ಟವಿಲ್ಲದವರ ಮಾತು. ನಮ್ಮ ತಾತನಿಗೆ ಕೆಡಲಿಲ್ಲ. ನಿಸರ್ಗದ ಮೇಲೆ ಕನ್ನಡದಲ್ಲಿ ಸಾಕಷ್ಟು ಪದ್ಯ ಆಗಿದೆ, ನೀರುಗಂಟಿ ಬರೆದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅವನಿಗೆ ಅಕ್ಷರ ಇರಲಿಲ್ಲ. ಅವನ ಮೊಮ್ಮಕ್ಕಳಿಗೆ ಈಗ ಇದೆ.

ಹಳ್ಳಿಯಲ್ಲಿ ಪಾಠ ಮಾಡುವ ಮೇಷ್ಟ್ರುಗಳಿಗೆ ಒಂದು ವಿಷಯ ತಿಳಿಸಬೇಕಿದೆ. ಕೆ.ಸಿ. ವ್ಯಾಲಿ ನೀರು ಬರುವ ಕೆರೆಗಳಲ್ಲಿ ನೀರು ಈಗ ಮಳೆಯ ಲೆಕ್ಕದಲ್ಲಿ ಬರುವುದಿಲ್ಲ, ಪಂಪಿನ ಲೆಕ್ಕದಲ್ಲಿ ಬರುತ್ತದೆ. ಯಾವ ಹಳ್ಳದ ನೀರು ಅಂತ ಬಣ್ಣ ನೋಡಿ ಹೇಳುವವರು ಏರಿ ಮೇಲೆ ನಿಂತಿರುವುದಿಲ್ಲ. ಅಮ್ಮನ ತವರಿನ ಕೆರೆಗೂ ಪೈಪು ಬಂದಿದೆ. ಹೋದ ಸುಗ್ಗಿಯಲ್ಲಿ ಅವಳು ಏರಿ ಹತ್ತಿ, ತಾತ ಗುರುತಿಟ್ಟುಕೊಳ್ಳುತ್ತಿದ್ದ ಕಲ್ಲು ಎಲ್ಲಿ ಅಂತ ಹುಡುಕಿದಳು. ಕಲ್ಲು ಮುಳುಗಿತ್ತು. ನೀರು ಹಸಿರಾಗಿತ್ತು. "ಎಷ್ಟು ದಿನಕ್ಕೈತೆ?" ಅಂತ ಕೇಳಿದೆ. "ಅದನ್ನ ಬೆಂಗಳೂರ್ನೋರ್ನ ಕೇಳ್ಬೇಕು" ಅಂದಳು, ಮತ್ತೆ ಅಲ್ಲೇ ಒಂದು ಕಲ್ಲಿನ ಮೇಲೆ ಸೆರಗು ಹಾಸಿ ಕೂತಳು.